ಮೇಲಿನ ದರ್ಜೆ ಸಿಕ್ಕೀತೇ?

‘ಮಳೆ ಬರಬಹುದು’, ‘ಬಸ್ಸು ಸಿಗಬಹುದು’ ಎಂದು ನಾವು ದಿನವೂ ಹೇಳುತ್ತೇವೆ. ಈ ‘ಬಹುದು’ ಎಂಬ ಮಾತಿನೊಳಗೆ ಒಂದು ಲೆಕ್ಕ ಅಡಗಿದೆ. ಗಣಿತದಲ್ಲಿ ಅದಕ್ಕೆ ಸಂಭವನೀಯತೆ ಎಂದು ಹೆಸರು. ಗಣಿತದ ಮೇಷ್ಟರು ನಾಣ್ಯ ಚಿಮ್ಮಿ, ದಾಳ ಉರುಳಿಸಿ ಅದನ್ನು ಕಲಿಸುತ್ತಾರೆ. ನಾವಿಲ್ಲಿ ಒಂದು ರೈಲು ಟಿಕೇಟನ್ನು ಹಿಡಿದು ನೋಡೋಣ.

ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ನೀವು ಭೂಪಟದಲ್ಲಿ ನೋಡಿರುತ್ತೀರಿ. ದ್ರಾಕ್ಷಿ ತೋಟಗಳ ಆ ಸೀಮೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತನಾಡುವ ಮನೆಗಳಿವೆ. ನನ್ನ ಅಕ್ಕ ಇರುವುದೂ ಕಂಬಂ ಪಟ್ಟಣದಲ್ಲಿಯೇ. ಆ ಊರಿಗೆ ರೈಲಿಲ್ಲ. ಹತ್ತಿರದ ಮದುರೆ–ಬೋಡಿನಾಯಕನೂರು ಮೀಟರ್ ಗೇಜ್ ಮಾರ್ಗ 2010ರ ಕೊನೆಗೆ ನಿಂತುಹೋಯಿತು. ಬ್ರಾಡ್ ಗೇಜ್ ಆಗಿ ಅದು ತೇನಿಯನ್ನು ಮುಟ್ಟಿದ್ದು 2022ರಲ್ಲಿ, ಬೋಡಿಯನ್ನು ಮುಟ್ಟಿದ್ದು 2023ರಲ್ಲಿ. ಬೆಂಗಳೂರಿಗೆ ಹೊರಟವರು ಬಸ್ಸಿನಲ್ಲಿ ದಿಂಡಿಗಲ್ಲಿಗೆ ಬಂದು, ಅಲ್ಲಿ ತೂತುಕುಡಿ–ಮೈಸೂರು ಎಕ್ಸ್‌ಪ್ರೆಸ್ ಹತ್ತುವುದುಂಟು.

ಅಕ್ಕನಿಗೆ ಮೊಣಕಾಲು ನೋವು. ಬೆಂಗಳೂರಿನಲ್ಲಿ ವೈದ್ಯರನ್ನು ಕಾಣಬೇಕಿತ್ತು. ಅವಳ ಮಗಳು ಫೋನಿನಲ್ಲಿ ಸ್ಲೀಪರ್ ದರ್ಜೆಯ ಟಿಕೇಟು ಮಾಡುತ್ತಾ ಕುಳಿತಿದ್ದಳು. ಕೆಳಗಿನ ಬರ್ತ್ ಲಭ್ಯವಿತ್ತು.

“ಮಾವ, ಅಪ್‌ಗ್ರೇಡ್ ಬೇಕೇ ಅಂತ ಕೇಳ್ತಿದೆ. ಹೆಚ್ಚು ಹಣ ಇಲ್ಲವಂತೆ. ಹೌದು ಅಂತ ಒತ್ತಲಾ?” ಎಂದು ಕೇಳಿದಳು.

“ಸುಮ್ಮನೆ ಬರೋದನ್ನ ಯಾರಾದರೂ ಬೇಡ ಅಂತಾರಾ?” ಎಂದಳು ಅಕ್ಕ.

ಇದು ಭಾರತೀಯ ರೈಲ್ವೆ 2006ರಲ್ಲಿ ತಂದ ಯೋಜನೆ. ಸ್ಲೀಪರಿನಲ್ಲಿ ಜಾಗಕ್ಕಾಗಿ ಕಾಯುವವರ ಪಟ್ಟಿ ಬೆಳೆದಿರುತ್ತದೆ. ಅದೇ ರೈಲಿನ ಎ.ಸಿ. ಬೋಗಿಯಲ್ಲಿ ಕೆಲವು ಬರ್ತುಗಳು ಖಾಲಿ ಉಳಿದಿರುತ್ತವೆ. ಆಗ ಪೂರ್ಣ ದರ ಕೊಟ್ಟ ಕೆಲವು ಸ್ಲೀಪರ್ ಪ್ರಯಾಣಿಕರನ್ನು ಮೇಲಿನ ದರ್ಜೆಗೆ ಕಳುಹಿಸಿ, ಅವರು ಬಿಟ್ಟ ಜಾಗವನ್ನು ಕಾಯುವವರಿಗೆ ಕೊಡುತ್ತಾರೆ. ಚಾರ್ಟ್ ತಯಾರಾಗುವಾಗ ಕಂಪ್ಯೂಟರು ಈ ಆಯ್ಕೆ ಮಾಡುತ್ತದೆ. ಒಂದೇ ಟಿಕೇಟಿನಲ್ಲಿರುವವರೆಲ್ಲರೂ ಒಟ್ಟಿಗೆ ಹೋಗಬೇಕು, ಇಲ್ಲವೇ ಯಾರೂ ಹೋಗುವಂತಿಲ್ಲ. ಐದು ಜನರ ಕುಟುಂಬಕ್ಕೆ, ಖಾಲಿ ಇರುವುದು ನಾಲ್ಕೇ ಬರ್ತ್ ಆದರೆ, ಸಂಭವನೀಯತೆ ಸೊನ್ನೆ. ದೀಪಾವಳಿ, ಪೊಂಗಲ್ ದಿನಗಳಲ್ಲಿ ಎ.ಸಿ.ಯೇ ತುಂಬಿರುವಾಗಲೂ ಸೊನ್ನೆಯೇ.

ವಿಮಾನದಲ್ಲಿಯೂ ಇಂಥದೊಂದು ಪದ್ಧತಿಯಿದೆ. ಕೆಲವರು ಬಾರದೆ ಉಳಿಯುತ್ತಾರೆಂದು ಎಣಿಸಿ ಕಂಪನಿಗಳು ಇರುವ ಆಸನಗಳಿಗಿಂತ ಹೆಚ್ಚು ಟಿಕೇಟು ಮಾರುವುದುಂಟು. ಎಲ್ಲರೂ ಬಂದುಬಿಟ್ಟರೆ ಕೆಲವರನ್ನು ಮೇಲಿನ ದರ್ಜೆಗೆ ಏರಿಸುತ್ತಾರೆ. ಸಾಮಾನ್ಯವಾಗಿ ಆ ಅವಕಾಶ ಮೊದಲು ದೊರೆಯುವುದು ಪದೇ ಪದೇ ಪ್ರಯಾಣಿಸುವವರಿಗೆ. ವರ್ಷಕ್ಕೊಮ್ಮೆ ಹಾರುವ ನಮ್ಮಂಥವರು ಅಲ್ಲಿ ಸಾಲಿನ ಕೊನೆಯಲ್ಲಿರುತ್ತೇವೆ. ಮೇಲಿನ ದರ್ಜೆಯೇ ಇಲ್ಲದ ವಿಮಾನವಾದರೆ ಲೆಕ್ಕ ಹಾಕುವ ಶ್ರಮವೂ ಬೇಡ.

ಈಗ ಅಕ್ಕನ ಟಿಕೇಟಿಗೆ ಬರೋಣ. ನಿಜವಾದ ಸಂಖ್ಯೆಗಳು ನಮ್ಮ ಕೈಯಲ್ಲಿರಲಿಲ್ಲ, ಆದ್ದರಿಂದ ಊಹಿಸಿಕೊಂಡೆವು. ಎ.ಸಿ. ತ್ರೀ ಟಯರಿನಲ್ಲಿ 20 ಬರ್ತ್ ಖಾಲಿ, ‘ಹೌದು’ ಎಂದವರು 200 ಜನ, ಎಲ್ಲರಿಗೂ ಸಮಾನ ಅವಕಾಶ ಎಂದಿಟ್ಟುಕೊಳ್ಳಿ. ಅಕ್ಕನಿಗೆ ಸಿಗುವ ಸಂಭವನೀಯತೆ 20/200, ಅಂದರೆ 1/10.

ಸೊಸೆ ಇಲ್ಲಿಗೆ ನಿಲ್ಲಿಸಿದಳು. ನಾನು ಕಾಗದದ ಮೇಲೆ ಬೋಗಿಯ ಒಂದು ಭಾಗವನ್ನು ಬರೆದು ತೋರಿಸಿದೆ. ಸ್ಲೀಪರಿನಲ್ಲಾಗಲಿ ತ್ರೀ ಟಯರಿನಲ್ಲಾಗಲಿ ಒಂದು ಭಾಗದಲ್ಲಿ 8 ಬರ್ತುಗಳು: ಕೆಳಗೆ ಎರಡು, ನಡುವೆ ಎರಡು, ಮೇಲೆ ಎರಡು, ಪಕ್ಕದಲ್ಲಿ ಕೆಳಗೊಂದು, ಮೇಲೊಂದು. ಅಪ್‌ಗ್ರೇಡ್ ಆದರೆ ಬರ್ತ್ ಬದಲಾಗುತ್ತದೆ. ಕೆಳಗಿನದೇ ಸಿಗುತ್ತದೆಂಬ ಭರವಸೆಯಿಲ್ಲ. ಎಂಟರಲ್ಲಿ ಹತ್ತದೆ ಮಲಗಬಹುದಾದವು ಮೂರು ಮಾತ್ರ. ಆದುದರಿಂದ ಅಕ್ಕನಿಗೆ ಎ.ಸಿ.ಯೂ ಸಿಕ್ಕಿ, ಕೆಳಗಿನ ಬರ್ತೂ ಸಿಗುವ ಸಂಭವನೀಯತೆ 1/10 × 3/8, ಅಂದರೆ 3/80. ಎ.ಸಿ. ಸಿಕ್ಕಿ, ಏಣಿ ಹತ್ತಬೇಕಾಗಿ ಬರುವುದು 5/80. ಅವಳು ಬಯಸಿದ್ದಕ್ಕಿಂತ ಅಂಜುವುದೇ ಹೆಚ್ಚು ಸಂಭವ!

ಈ ಲೆಕ್ಕದಲ್ಲಿಯೂ ಒಂದು ತಪ್ಪಿದೆ, ಗಮನಿಸಿದಿರಾ? ಎಂಟು ಬರ್ತುಗಳೂ ಸಮಾನವಾಗಿ ಖಾಲಿ ಉಳಿಯುತ್ತವೆ ಎಂದು ನಾವು ಭಾವಿಸಿದೆವು. ಟಿಕೇಟು ಮಾಡುವವರಲ್ಲಿ ಬಹಳ ಮಂದಿ ಕೆಳಗಿನದನ್ನೇ ಕೇಳುತ್ತಾರೆ. ಕೊನೆಗೆ ಉಳಿಯುವುದು ಹೆಚ್ಚಾಗಿ ಮೇಲಿನವೇ. ಬುಟ್ಟಿಯಲ್ಲಿ ಮಾಗಿದ ಹಣ್ಣನ್ನು ಮೊದಲು ಆರಿಸಿಕೊಂಡ ಮೇಲೆ ಉಳಿದ ಕಾಯಿಗಳಂತೆ. ಹಾಗಾಗಿ ನಿಜವಾದ ಬೆಲೆ 3/80ಕ್ಕಿಂತಲೂ ಕಡಿಮೆ ಇರಬೇಕು.

ಅಕ್ಕ ಕಾಗದವನ್ನು ನೋಡಿದಳು, ತನ್ನ ಮೊಣಕಾಲನ್ನು ನೋಡಿಕೊಂಡಳು. “ಬೇಡ ಅಂತ ಒತ್ತೇ. ಸೆಕೆಯಾದರೆ ಕಿಟಕಿ ತೆಗೆದರಾಯ್ತು” ಎಂದಳು. ಅವಳು ಆ ರಾತ್ರಿ ಸ್ಲೀಪರಿನ ಕೆಳಗಿನ ಬರ್ತಿನಲ್ಲಿ ಮಲಗಿಕೊಂಡೇ ಬೆಂಗಳೂರು ತಲುಪಿದಳು.

ವಾರದ ನಂತರ ಮಗಳು ಒಬ್ಬಳೇ ಕಂಬಂಗೆ ಹಿಂದಿರುಗಬೇಕಾಯಿತು. ಅದೇ ರೈಲು, ಅದೇ ದರ್ಜೆ. ನನ್ನನ್ನು ಕೇಳದೆ ‘ಹೌದು’ ಎಂದು ಒತ್ತಿದಳು. ಖಾಲಿ 20, ಕೇಳಿದವರು 200 ಎಂದೇ ಇಟ್ಟುಕೊಳ್ಳಿ. ಅವಳಿಗೆ ಮೇಲಿನ ಬರ್ತ್ ಹತ್ತುವುದು ಕಷ್ಟವಲ್ಲ. ಅವಳು ಬಯಸಿದ್ದು ದೊರೆಯುವ ಸಂಭವನೀಯತೆ ಎಷ್ಟು? ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ.