ಆಳದಲ್ಲಿ ಕೂಗುವ ಗಡಿಯಾರ ಕೊಳ್ಳುವ ಮುನ್ನ
ಮುಳುಗುಗಾರನಿಗೆ ಮೇಲೇರುವ ಹೊತ್ತನ್ನು ಸದ್ದಿನಿಂದಲೂ ಕಂಪನದಿಂದಲೂ ತಿಳಿಸುತ್ತಿದ್ದ, ಕೀಲಿಯಿಂದ ನಡೆಯುವ ಅಲಾರಂ ಕೈಗಡಿಯಾರಗಳಲ್ಲಿ ಸ್ವಿಟ್ಜರ್ಲೆಂಡಿನ ವಲ್ಕೇನ್ ಸಂಸ್ಥೆಯ 1961ರ ‘ಕ್ರಿಕೆಟ್ ನಾಟಿಕಲ್’ ಮತ್ತು ಅದೇ ದಶಕದ, ಜೇಗರ್-ಲಕುಲ್ತ್ರ್ ಸಂಸ್ಥೆಯ ‘ಮೆಮೊವಾಕ್ಸ್ ಪೊಲಾರಿಸ್’ ಸಂಗ್ರಾಹಕರಿಗೆ ಅಚ್ಚುಮೆಚ್ಚು. ಇವುಗಳಲ್ಲಿ ಪುಟ್ಟ ಸುತ್ತಿಗೆಯೊಂದು ಒಳಮುಚ್ಚಳ ನಡುಗುವಂತೆ ಬಡಿಯುತ್ತದೆ. ಹೊರಮುಚ್ಚಳಕ್ಕೆ ರಂಧ್ರಗಳಿರುವುದರಿಂದ, ಗಡಿಯಾರ ಮಣಿಕಟ್ಟಿಗೆ ಬಿಗಿದಿದ್ದರೂ ಸದ್ದು ಅಡಗದು. ಆದಕಾರಣ ಕೊಳ್ಳುವವರು ಮುಖಫಲಕದ ಅಂದಕ್ಕೆ ಮರುಳಾಗುವ ಮೊದಲೇ ಗಡಿಯಾರವನ್ನು ಮಗುಚಿ, ಈ ಮುಚ್ಚಳಗಳೆಲ್ಲ ಮೂಲದವೇ ಎಂದು ನೋಡಿ, ಅಲಾರಂಗೆ ಪೂರ್ತಿ ಕೀಲಿ ಕೊಟ್ಟು, ಅದು ತಡವರಿಸದೆ ಕೂಗುವುದೇ ಎಂದು ಆಲಿಸುವುದು ಲೇಸು. ಕತ್ತಲಲ್ಲಿ ಬೆಳಗಲೆಂದು ಬಳಿದ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಧಾತು ಬೆರೆತ ಲೇಪ, ಕಾಲಕ್ರಮದಲ್ಲಿ ಕಂದುವುದು ಸಹಜವಾದುದರಿಂದ ಅದನ್ನು ಹೊಸದಾಗಿ ಬಳಿಸಬಾರದು. ಬಳಿಸಿದರೆ ಬೆಲೆ ಕುಸಿಯುತ್ತದೆ. ನಾಟಿಕಲ್ 300 ಮೀಟರ್ ಆಳಕ್ಕೆಂದೇ ತಯಾರಾದದ್ದು ನಿಜ. ಆದರೆ ನೀರು ಒಳನುಗ್ಗದಂತೆ ತಡೆಯುವ ಅದರ ರಬ್ಬರ್ ಉಂಗುರಗಳಿಗೂ ವಯಸ್ಸಾಗಿರುವುದರಿಂದ, ಪರೀಕ್ಷೆ ಮಾಡಿಸದೆ ಮಳೆಯಲ್ಲಿ ತೊಡುವುದೂ ಸಲ್ಲದು.