ಕಾಗದ ಕಾರ್ಖಾನೆಯ ಕೊಳೆನೀರಿಗೆ ವಿದ್ಯುತ್ ಚಿಕಿತ್ಸೆ



ನಾವು ರದ್ದಿಗೆ ಹಾಕುವ ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆಗಳು ಕಾರ್ಖಾನೆಗೆ ಹೋಗಿ ಮತ್ತೆ ಕಾಗದವಾಗುತ್ತವೆ. ಮರಗಳು ಉಳಿಯುತ್ತವೆ, ಒಳ್ಳೆಯದೇ. ಆದರೆ ರದ್ದಿಯನ್ನು ನೀರಿನಲ್ಲಿ ಕದಡಿ, ಕಾಸ್ಟಿಕ್ ಸೋಡಾ, ಸಾಬೂನು ಹಾಕಿ ಶಾಯಿ ಬಿಡಿಸುತ್ತಾರೆ. ಆಗ ಉಳಿಯುವ ನೀರಿನಲ್ಲಿ ಶಾಯಿ, ನಾರಿನ ಚೂರು, ಗಂಜಿ, ಲವಣ ಎಲ್ಲವೂ ಇರುತ್ತವೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ, ಗಂಜಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ.

ವಿದ್ಯುತ್ತಿನ ಕೆಲಸವೇನು?

ಕೆಸರು ನೀರಿನ ಬಿಂದಿಗೆಯಲ್ಲಿ ಪಟಿಕ ಆಡಿಸಿದರೆ ಮಣ್ಣು ತಳಕ್ಕಿಳಿಯುವುದನ್ನು ನಮ್ಮ ತಾಯಂದಿರು ಬಲ್ಲರು. ಇಲ್ಲಿಯೂ ಅದೇ ತತ್ವ. ತೊಟ್ಟಿಯಲ್ಲಿ ಅಲ್ಯುಮಿನಿಯಂ ಅಥವಾ ಕಬ್ಬಿಣದ ತಗಡುಗಳನ್ನು ನಿಲ್ಲಿಸಿ, ಬ್ಯಾಟರಿಯಿಂದ ಬರುವಂಥ ನೇರ ವಿದ್ಯುತ್ ಹರಿಸುತ್ತಾರೆ. ಧನ ಧ್ರುವದ ತಗಡು ಸವೆದು ಲೋಹ ನೀರಿಗಿಳಿಯುತ್ತದೆ. ಒಂದು ಜೊತೆ ತಗಡಿನಲ್ಲಿ 100 ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 33 ಗ್ರಾಂ ಅಲ್ಯುಮಿನಿಯಂ ಕರಗುತ್ತದೆ. ಅದು ಲೋಳೆಯಂತಾಗಿ ಶಾಯಿ, ನಾರುಗಳನ್ನು ಒಟ್ಟುಗೂಡಿಸುತ್ತದೆ. ಋಣ ಧ್ರುವದಲ್ಲಿ ಏಳುವ ಜಲಜನಕದ ಗುಳ್ಳೆಗಳು ಕಲ್ಮಶವನ್ನು ನೊರೆಯಾಗಿ ಮೇಲೆತ್ತುತ್ತವೆ. ಭಾರವಾದದ್ದು ತಳ ಸೇರುತ್ತದೆ. ನೀರು ತಿಳಿಯಾಗುತ್ತದೆ.

ಆದರೆ ತಿಳಿ ನೀರೆಲ್ಲ ಶುದ್ಧ ನೀರಲ್ಲ

ಕರಗಿದ ಸೋಡಿಯಂ ಮೊದಲಾದ ಲವಣಗಳು ಇದರಿಂದ ಹೋಗುವುದಿಲ್ಲ. ಕರಗಿದ ಗಂಜಿಯೂ ಪೂರ್ತಿ ಹೋಗದು; ಅದನ್ನು ತಿನ್ನುವ ಸೂಕ್ಷ್ಮಜೀವಿಗಳ ತೊಟ್ಟಿ ಬೇರೆಯೇ ಬೇಕು. ಸೋಡಿಯಂ ಹೆಚ್ಚಿರುವ ನೀರು ಹಾಯಿಸುತ್ತ ಹೋದರೆ ಎರೆಮಣ್ಣು ಹೆಪ್ಪುಗಟ್ಟಿ, ನೀರು ಇಂಗದೆ, ಬೇರಿಗೆ ಗಾಳಿ ಸಿಗದೆ ಬೆಳೆ ಸೊರಗುತ್ತದೆ.

ನಾವು ಮಾಡಬೇಕಾದದ್ದು

1. ಕಾರ್ಖಾನೆಯ ಬಳಿ ಹೊಲವಿರುವವರು ಬಾವಿ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪರೀಕ್ಷೆಗೆ ಕೊಡಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ.

2. ಪಿಎಚ್, ಸೋಡಿಯಂ, ವಿದ್ಯುತ್ ವಾಹಕತೆ, ಈ ಮೂರನ್ನೂ ಕೇಳಿ. ವಾಹಕತೆ ಮೀಟರಿಗೆ 0.7 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಬೆಳೆಗೆ ಉಪ್ಪಿನ ಬಾಧೆಯಿಲ್ಲ. 3 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಆಗದು.

3. ತೊಟ್ಟಿಯಿಂದ ತೆಗೆದ ಕೆಸರನ್ನು ಪುಕ್ಕಟೆ ಗೊಬ್ಬರವೆಂದು ಹೊಲಕ್ಕೆ ತರಬೇಡಿ. ಶಾಯಿಯಲ್ಲಿದ್ದ ಲೋಹಗಳು ಅದರಲ್ಲಿರಬಹುದು.

4. ಬಾವಿ ಕೆಟ್ಟಿರುವ ಅನುಮಾನವಿದ್ದರೆ ಕುಡಿಯಲು ಬೇರೆ ನೀರು ತನ್ನಿ. ಕುದಿಸಿದರೆ ರೋಗಾಣು ಸಾಯುತ್ತವೆ, ಲವಣ ಮತ್ತು ಲೋಹ ಹೋಗುವುದಿಲ್ಲ.

ಏದೆನ್ ತೋಟವನ್ನು ದೇವರು ಮನುಷ್ಯನಿಗೆ ಒಪ್ಪಿಸಿದ್ದು ವ್ಯವಸಾಯ ಮಾಡುವುದಕ್ಕೆ ಮಾತ್ರವಲ್ಲ, ಕಾಯುವುದಕ್ಕೂ ಹೌದು (ಆದಿಕಾಂಡ 2:15). ನಮ್ಮ ಬಾವಿಯ ನೀರು ಎಂಥದೆಂದು ತಿಳಿದುಕೊಳ್ಳುವುದು ಆ ಕಾವಲಿನ ಮೊದಲ ಹೆಜ್ಜೆ.