ಸೋತ್ರೂ ಒಂದು ಪಾಯಿಂಟ್

2016ರ ಅಕ್ಟೋಬರ್ 12. ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್‌ಗೆ ಸೀಸನ್‌ನ ಮೊದಲ ಪಂದ್ಯ. ಹಿಂದಿನ ಸೀಸನ್‌ನಲ್ಲಿ 30 ತಂಡಗಳ ಪೈಕಿ ಕೊನೇ ಸ್ಥಾನ ಇವರದ್ದೇ. ಈ ಸಲ ತಂಡದ ತುಂಬಾ ಹುಡುಗರು. 19 ವರ್ಷದ ಆಸ್ಟನ್ ಮ್ಯಾಥ್ಯೂಸ್ (ನಮ್ಮ ವಯಸ್ಸು ಕಣ್ರೀ!) ಮೊದಲ ಪಂದ್ಯದಲ್ಲೇ 4 ಗೋಲು ಹೊಡೆದ. ಆದ್ರೂ ಓವರ್‌ಟೈಮ್‌ನಲ್ಲಿ ಒಟ್ಟಾವಾ 5-4ರಿಂದ ಗೆದ್ದಿತು. ಕೊನೇ ಗೋಲು ಹೊಡೆದ ಟರಿಸ್‌ನನ್ನ ಕಾಯಬೇಕಿದ್ದವನೂ ಮ್ಯಾಥ್ಯೂಸೇ.

ವಾರದ ನಂತರ ವಿನಿಪೆಗ್‌ನಲ್ಲಿ 4-0 ಮುಂದಿದ್ದು, ಮತ್ತೆ ಓವರ್‌ಟೈಮ್‌ನಲ್ಲಿ 5-4ರ ಸೋಲು.

ಓವರ್‌ಟೈಮ್‌ನಲ್ಲಿ ಗೋಲಿ ಬಿಟ್ಟು ಕಡೆಗೆ ಮೂವರೇ ಆಡೋದು, ಮಾಮೂಲಿ ಐವರಲ್ಲ. ಮಂಜಿನ ಮೇಲೆ ಜಾಗ ಜಾಸ್ತಿ, ಹಾಗಾಗಿ ಒಬ್ಬ ಮೈಮರೆತರೆ ಗೋಲು ಬಿತ್ತು ಅಂತಲೇ ಲೆಕ್ಕ. ಆದ್ರೆ ಅಲ್ಲಿ ಸೋತವರಿಗೂ 1 ಪಾಯಿಂಟ್ ಇದೆ, ನಮ್ಮ ಸ್ಟೆಪ್ ಮಾರ್ಕ್ಸ್ ಥರ. ಗೆದ್ದರೆ 2.

ಸೀಸನ್ ಕೊನೆಗೆ ಲೆಕ್ಕ ನೋಡಿ: 40 ಗೆಲುವಿಗೆ 80, ಇಂಥ 15 ಸೋಲುಗಳಿಗೆ 15, ಒಟ್ಟು 95. ಟ್ಯಾಂಪಾ ಬೇ 94ಕ್ಕೆ ನಿಂತು ಹೊರಗೆ ಉಳಿಯಿತು, ಲೀಫ್ಸ್ ಪ್ಲೇಆಫ್‌ಗೆ ಹೋಯ್ತು.

ಪ್ಲೇಆಫ್‌ನಲ್ಲಿ ಸ್ಟೆಪ್ ಮಾರ್ಕ್ಸ್ ಇಲ್ಲ. ವಾಷಿಂಗ್ಟನ್ ಎದುರು 6 ಪಂದ್ಯಗಳಲ್ಲಿ ಕಥೆ ಮುಗೀತು. ಅದರಲ್ಲಿ 5 ಓವರ್‌ಟೈಮ್‌ಗೆ ಹೋಗಿದ್ವು.